ಗೆರೆ ಎಳೆಯುವ ಮೊದಲಿನ ಹಲಗೆ

ಅರ್ವಿಡ್ ಸ್ಕೋಗ್ ಟಾಮರಾಕ್ ಫೋರ್ಕ್ ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ಜವಾನನಾಗಿದ್ದ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಉತ್ತರಕ್ಕಿರುವ ಆ ಊರಿನಲ್ಲಿ ಅವನನ್ನು ಅರಿಯದವರು ಇರಲಿಲ್ಲ. ಹುಟ್ಟಿದ್ದು ಊರಿಂದ ನಾಲ್ಕು ಮೈಲಿ ಆಚೆಯ ಹೈನಿನ ಜಮೀನಿನಲ್ಲಿ. ಎಂಟನೆಯ ತರಗತಿ ಮುಗಿಸಿದ ಬೇಸಿಗೆಯಲ್ಲಿ ಅವನ ತಂದೆ ಹುಲ್ಲಿನ ಅಟ್ಟದಿಂದ ಬಿದ್ದು ಸೊಂಟ ಮುರಿದುಕೊಂಡರು. ಮೂವತ್ತೊಂದು ಹಸುಗಳ ಹಾಲನ್ನು ದಿನಕ್ಕೆ ಎರಡು ಹೊತ್ತು ಕರೆಯುವವರು ಬೇಕಾಗಿತ್ತು. ಹಸುಗಳು ಶಾಲೆಯ ವೇಳಾಪಟ್ಟಿಗೆ ಒಪ್ಪಲಿಲ್ಲ. ಅರ್ವಿಡ್ ಶಾಲೆ ಬಿಟ್ಟ. ಹದಿನೆಂಟು ವರ್ಷಗಳ ಅನಂತರ, ತಂದೆ ತೀರಿಕೊಂಡು ಹಸುಗಳನ್ನೂ ಮಾರಿದ ಮೇಲೆ, ಅವನು ಮತ್ತೆ ಶಾಲೆಗೆ ಹೋದ. ಆಗ ಕೈಯಲ್ಲಿ ಪೊರಕೆ ಇತ್ತು.

ಕರಿಹಲಗೆಯನ್ನು ಅಳಿಸುವ ಮೊದಲು ಅದರಲ್ಲಿ ಬರೆದದ್ದನ್ನು ಪೂರ್ತಿ ಓದುವುದು ಅವನ ಪದ್ಧತಿ. ಯಾರೋ ಕಷ್ಟಪಟ್ಟು ಬರೆದದ್ದನ್ನು ಓದದೆ ಒರೆಸಿಹಾಕುವುದು ಸರಿಯಲ್ಲವೆಂದು ಅವನಿಗೆ ಮೊದಲ ದಿನವೇ ಅನ್ನಿಸಿತ್ತು. ಹೀಗೆ ಸಂಜೆ ನಾಲ್ಕು ಗಂಟೆಯ ಮೇಲೆ, ಕೊಠಡಿಯಿಂದ ಕೊಠಡಿಗೆ ಬಕೆಟ್ಟು ತಳ್ಳಿಕೊಂಡು ಹೋಗುತ್ತ, ಅರ್ವಿಡ್ ಪ್ರೌಢಶಾಲೆಯ ಪಾಠವನ್ನೆಲ್ಲ ಇಪ್ಪತ್ತೆಂಟು ಸಲ ಓದಿದ. ತ್ರಿಕೋನಗಳ ಕೋನಗಳು, ಗಂಧಕದ ಗುಣಗಳು, ಅಂತರ್ಯುದ್ಧದ ಇಸವಿಗಳು, ಕಪ್ಪೆಯ ಹೃದಯ, ಎಲ್ಲವೂ ಅವನಿಗೆ ಬಾಯಿಪಾಠ.

ಸಾಹಿತ್ಯವನ್ನು ಅವನು ಕಲಿತದ್ದು ಹನ್ನೊಂದನೆಯ ಕೊಠಡಿಯಲ್ಲಿ. ಅದು ಮಿಸ್ ಲುಂಡೀನ್ ಅವರ ಕೊಠಡಿ. ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುತ್ತಿದ್ದ ಅವರು ಎತ್ತರದ ಹೆಂಗಸು. ಅವರ ಕೈಬರಹ ಅಚ್ಚು ಹಾಕಿದಂತಿರುತ್ತಿತ್ತು. ಪ್ರತಿ ವರ್ಷ ಸೆಪ್ಟೆಂಬರಿನ ಕೊನೆಯ ಸೋಮವಾರ, ಮನೆಗೆ ಹೊರಡುವ ಮುಂಚೆ, ಮರುದಿನದ ಅಭ್ಯಾಸವನ್ನು ಅವರು ಪಕ್ಕದ ಹಲಗೆಯ ಮೇಲೆ ಬರೆದಿಡುತ್ತಿದ್ದರು. ಎಡಬದಿಗೆ ಹನ್ನೆರಡು ಸಾಹಿತ್ಯದ ಪದಗಳು, ಬಲಬದಿಗೆ ಹನ್ನೆರಡು ಅರ್ಥಗಳು. ಅರ್ಥಗಳನ್ನು ಬೇಕೆಂದೇ ಅದಲು ಬದಲು ಮಾಡಿರುತ್ತಿದ್ದರು. ಮಂಗಳವಾರ ಮೊದಲ ಗಂಟೆಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದು, ಯಾವ ಪದಕ್ಕೆ ಯಾವ ಅರ್ಥವೋ ಅದಕ್ಕೆ ಗೆರೆ ಎಳೆದು ಜೋಡಿಸಬೇಕು. ಗೆರೆಗಳ ಗೋಜಲು ಕಣ್ಣಿಗೆ ಹಿತವಲ್ಲವೆಂದು ಗಂಟೆ ಮುಗಿಯುತ್ತಲೇ ಮಿಸ್ ಲುಂಡೀನ್ ಹಲಗೆಯನ್ನು ತಾವೇ ಒರೆಸುತ್ತಿದ್ದರು. ಉಳಿದ ಪಾಠವೆಲ್ಲ ಬಾಯಲ್ಲೇ.

ಆದ್ದರಿಂದ ಅರ್ವಿಡ್ ಕಂಡದ್ದು ಸೋಮವಾರದ ಹಲಗೆಯನ್ನು ಮಾತ್ರ. ಮೂಲೆಯಲ್ಲಿ ಚೌಕ ಹಾಕಿ “ಅಳಿಸಬೇಡಿ” ಎಂದು ಬರೆದಿರುತ್ತಿದ್ದುದರಿಂದ ಅದು ಬಹಳ ಮುಖ್ಯವಾದ ಪಾಠವೆಂದು ಅವನು ತಿಳಿದ. ಎಡದಿಂದ ಬಲಕ್ಕೆ ಸಾಲು ಸಾಲಾಗಿ ಓದಿದ. ಎಡಗಡೆ ಅಂಕಿ, ಬಲಗಡೆ ಅಕ್ಷರ ಇದ್ದದ್ದು ಅವನ ಕಣ್ಣಿಗೆ ಬಿದ್ದಿತ್ತು. ಓದಿದವರು ಒಂದೇ ಪಟ್ಟಿಗೆ ಎರಡೆರಡು ಗುರುತು ಹಾಕುತ್ತಾರೆಂದುಕೊಂಡ. ಉಪಮೆ ಎಂದರೆ ಕಥೆ ನಡೆಯುವ ಸ್ಥಳ ಮತ್ತು ಕಾಲ. ರೂಪಕ ಎಂದರೆ ಕಥೆಯನ್ನು ನಮಗೆ ಹೇಳುವ ವ್ಯಕ್ತಿ. ವ್ಯಂಗ್ಯ ಎಂದರೆ ಕಥೆ ಏರುತ್ತ ಏರುತ್ತ ಮುಟ್ಟುವ ತುತ್ತತುದಿ. ಅನುಪ್ರಾಸ ಎಂದರೆ ಇಬ್ಬರ ನಡುವೆ ಏಳುವ ಜಗಳ. ಮಿಸ್ ಲುಂಡೀನ್ ಹಳದಿಗಟ್ಟಿದ ಒಂದೇ ಟಿಪ್ಪಣಿ ಪುಸ್ತಕ ನೋಡಿ ಬರೆಯುತ್ತಿದ್ದರು. ಕ್ರಮವನ್ನು ಒಂದು ವರ್ಷವೂ ಬದಲಿಸಲಿಲ್ಲ. ಅವರು ನಿವೃತ್ತರಾಗುವವರೆಗೆ ಇಪ್ಪತ್ತಾರು ಸೆಪ್ಟೆಂಬರುಗಳಲ್ಲಿ ಅರ್ವಿಡ್ ಅದನ್ನು ಓದಿ ಗಟ್ಟಿ ಮಾಡಿಕೊಂಡ.

ಕಲಿತದ್ದನ್ನು ತನ್ನಲ್ಲೇ ಇಟ್ಟುಕೊಳ್ಳುವ ಜಿಪುಣತನ ಅವನಿಗಿರಲಿಲ್ಲ. ಬೆಳಿಗ್ಗೆ ಹತ್ತು ಗಂಟೆಯ ಬಿಡುವಿನಲ್ಲಿ ಅವನು ಡಾಟ್ ಎಂಬಾಕೆಯ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದ. ಜೊತೆಗೆ ಹಾಲಿನ ಲಾರಿ ಓಡಿಸುವ ಲೈಲ್, ಕ್ಷೌರದಂಗಡಿಯ ಹಾರ್ಲನ್. ಇಪ್ಪತ್ತು ವರ್ಷದಲ್ಲಿ ಅರ್ವಿಡ್‌ನ ಪದಗಳು ಆ ಮೇಜಿಗೆ ಅಂಟಿಕೊಂಡವು. ಅಲ್ಲಿಂದ ಮೀನಿನಂಗಡಿಗೆ, ಚರ್ಚಿನ ನೆಲಮಾಳಿಗೆಗೆ, ಊರಿಗೆಲ್ಲ ಹಬ್ಬಿದವು.

“ಸೇತುವೆ ಕೆಳಗೆ ಮೀನಿಗೆ ಒಳ್ಳೇ ಉಪಮೆ ಇದೆ ಕಣೋ. ಆರು ಗಂಟೆಗೆ ಬಾ,” ಎನ್ನುತ್ತಿದ್ದ ಲೈಲ್.

“ಪಾದ್ರಿ ಹೆಂಡ್ತಿ ಕಾರು ಹಳ್ಳಕ್ಕೆ ಇಳಿಸಿದಳಂತೆ,” ಎಂದು ಹಾರ್ಲನ್ ಸುದ್ದಿ ತಂದರೆ,

“ಇದಕ್ಕೆ ರೂಪಕ ಯಾರು?” ಎಂದು ಲೈಲ್ ಕೇಳುವನು.

“ಅಂಚೆ ಕಚೇರಿ ಎಡ್ನಾ.”

“ಹಂಗಾದ್ರೆ ಅರ್ಧ ತೆಗೆದುಹಾಕು.”

ಶಾಲೆಯ ಬ್ಯಾಸ್ಕೆಟ್‌ಬಾಲ್ ಪಂದ್ಯದಲ್ಲಿ ನಾಲ್ಕು ಸೆಕೆಂಡು ಉಳಿದಿದ್ದಾಗ ಎರಡೂ ತಂಡ ಸರಿಸಮ ಇದ್ದರೆ, “ಈಗ ಬಂತು ನೋಡ್ರಪ್ಪಾ ವ್ಯಂಗ್ಯ!” ಎಂದು ಇಡೀ ಗ್ಯಾಲರಿ ಎದ್ದು ನಿಲ್ಲುತ್ತಿತ್ತು. ಹೊರಗಿನಿಂದ ಬಂದ ತಂಡದವರು ಮುಖ ಮುಖ ನೋಡಿಕೊಳ್ಳುತ್ತಿದ್ದರು.

ಸಾವಿರದ ಒಂಬೈನೂರ ತೊಂಬತ್ತಮೂರರಲ್ಲಿ ಮೂರು ಊರುಗಳ ಶಾಲೆಗಳನ್ನು ಸೇರಿಸಿ ಒಂದು ಹೊಸ ಶಾಲೆ ಮಾಡುವುದೆಂದು ತೀರ್ಮಾನವಾಯಿತು. ಹೊಸ ಶಾಲೆಗೆ ಹೊಸ ನಿಯಮಗಳು. ಕಾಯಂ ನೌಕರರೆಲ್ಲರೂ ಮುಂದಿನ ಜೂನ್ ಮೂವತ್ತರ ಒಳಗೆ ಪ್ರೌಢಶಾಲೆ ಮುಗಿಸಿದ ಪ್ರಮಾಣಪತ್ರವನ್ನೋ ಅದಕ್ಕೆ ಸಮನಾದ ಪರೀಕ್ಷೆಯ ಪತ್ರವನ್ನೋ ಒಪ್ಪಿಸಬೇಕು. ಇಲ್ಲದವರು ಬೇಸಿಗೆಯಲ್ಲಿ ಹುಲ್ಲು ಕತ್ತರಿಸುವ ಕೆಲಸಕ್ಕೆ ಮಾತ್ರ ಅರ್ಹರು. ಮುಖ್ಯೋಪಾಧ್ಯಾಯ ಅರ್ವಿಡ್‌ನನ್ನು ಕರೆದು, ಕಿಟಕಿಯ ಕಡೆ ನೋಡುತ್ತ ವಿಷಯ ತಿಳಿಸಿದ. ಅವನೂ ಇದೇ ಶಾಲೆಯಲ್ಲಿ ಓದಿದವನು.

“ನಿಯಮ ನಾನು ಮಾಡಿದ್ದಲ್ಲ, ಅರ್ವಿಡ್.”

“ಗೊತ್ತಪ್ಪಾ. ನೀನು ಮಾಡಿದ್ದೇನು ಅಂತ ನಂಗೊತ್ತು. ಒಂಬತ್ತನೇ ಕ್ಲಾಸಲ್ಲಿ ಬೆಂಚಿನ ಕೆಳಗೆ ನೀನು ಅಂಟಿಸ್ತಿದ್ದ ಚ್ಯೂಯಿಂಗ್ ಗಮ್ಮೆಲ್ಲ ಕೆರೆದೋನು ನಾನೇ.”

ಅರ್ವಿಡ್‌ಗೆ ಆಗ ಅರವತ್ತು ತುಂಬುತ್ತಿತ್ತು. ಹುಲ್ಲು ಕತ್ತರಿಸುವುದರಲ್ಲಿ ಅವಮಾನವೇನೂ ಇಲ್ಲ. ಆದರೆ ಶಾಲೆಯ ಒಳಗೆ ಬರುವ ಹಕ್ಕು, ಬೀಗದ ಕೈ, ಸಂಜೆಯ ಹಲಗೆಗಳು, ಇವೆಲ್ಲ ಹೋಗುತ್ತವೆ ಎನ್ನುವುದನ್ನು ಅವನು ಮನೆಗೆ ಹೋಗುವ ದಾರಿಯಲ್ಲಿ ಯೋಚಿಸಿದ. ಮರುದಿನವೇ ಪರೀಕ್ಷೆಗೆ ಹೆಸರು ಬರೆಸಿದ.

ಫೆಬ್ರವರಿಯ ಒಂದು ಶನಿವಾರ ಜಿಲ್ಲಾ ಪಟ್ಟಣದ ಕಾಲೇಜಿನಲ್ಲಿ ಕುಳಿತು ಐದು ವಿಷಯಗಳ ಪರೀಕ್ಷೆ ಬರೆದ. ಗಣಿತ, ವಿಜ್ಞಾನ, ಸಮಾಜ, ಬರವಣಿಗೆ ನಾಲ್ಕರಲ್ಲೂ ಸಲೀಸಾಗಿ ತೇರ್ಗಡೆಯಾದ. ಸಾಹಿತ್ಯದಲ್ಲಿ ನಲವತ್ತು ಬೇಕಿತ್ತು, ಮೂವತ್ತೊಂದು ಬಂತು. ಅವನು ಅತ್ಯಂತ ಧೈರ್ಯದಿಂದ ಬರೆದಿದ್ದ ವಿಷಯ ಅದೊಂದೇ.

“ಸಾಹಿತ್ಯದಲ್ಲಾ?” ಲೈಲ್ ಚಮಚ ಕೆಳಗಿಟ್ಟ. “ಈ ಊರಿಗೆ ಸಾಹಿತ್ಯ ಕಲಿಸಿದೋನೇ ನೀನಲ್ಲೇನೋ?”

“ತಿದ್ದಿದೋನು ಕುಡಿದಿರಬೇಕು,” ಎಂದ ಹಾರ್ಲನ್.

“ಮೆಷಿನ್ ತಿದ್ದುತ್ತಂತೆ.”

“ಎಲ್ಲಿಯ ಮೆಷಿನ್ನು?”

“ಇಲಿನಾಯ್ ಕಡೆಯದಂತೆ.”

“ಅದಕ್ಕೇ ಮತ್ತೆ,” ಎಂದರು ಇಬ್ಬರೂ, ಗಡಿಯಾಚೆಯ ಆ ರಾಜ್ಯದ ಹೆಸರು ಬಂದ ಮೇಲೆ ಬೇರೆ ವಿವರಣೆ ಬೇಕಿಲ್ಲವೆಂಬಂತೆ.

ಇನ್ನೊಂದು ಅವಕಾಶ ಮೇ ತಿಂಗಳಲ್ಲಿತ್ತು. ಅದೂ ತಪ್ಪಿದರೆ ಜೂನ್ ಮೂವತ್ತರ ಒಳಗೆ ಬೇರೆ ಪರೀಕ್ಷೆ ಇಲ್ಲ. ಹೆಂಡತಿ ಲವೋನ್ ಇಸ್ತ್ರಿ ಹಾಕುತ್ತ ಹೇಳಿದಳು:

“ಇಲ್ಲಿ ಕೂತು ಮೆಷಿನ್ನಿಗೆ ಬೈದ್ರೆ ಆಗಲ್ಲ. ಹೋಗಿ ಮಿಸ್ ಲುಂಡೀನ್ ಅವರನ್ನ ಕೇಳು ಮಾರಾಯ.”

“ಏನಂತ ಕೇಳಲಿ? ನೀವು ಅಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟಿದ್ದೀರಿ ಅನ್ನಲಾ? ಈ ವಯಸ್ಸಲ್ಲಿ ಆ ಹೆಂಗಸಿಗೆ ಅದನ್ನ ಕೇಳೋ ಕರ್ಮ ಬೇಕಾ?”

“ತಪ್ಪು ನಿಂದೇ ಇರಬಹುದಲ್ಲ?”

“ನಾನು ಓದಿದ್ದು ಅವರ ಅಕ್ಷರದಲ್ಲೇ ಕಣೆ.”

ಇದು ಅವನ ನಿಜವಾದ ಸಂಕಟ. ಸೋತದ್ದಕ್ಕಿಂತ ಹೆಚ್ಚಾಗಿ, ಮಿಸ್ ಲುಂಡೀನ್ ತಪ್ಪಿದ್ದಾರೆಂದು ಅವರ ಎದುರಿಗೆ ಹೇಳಬೇಕಾದೀತಲ್ಲ ಎನ್ನುವ ಭಯ. ಇಪ್ಪತ್ತಾರು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಅವರಿಬ್ಬರೂ ಹವೆಯ ವಿಷಯ ಮತ್ತು ಕಿಟಕಿಯ ವಿಷಯ ಬಿಟ್ಟು ಬೇರೇನೂ ಮಾತಾಡಿರಲಿಲ್ಲ. ಅವನು ಐದು ವಾರ ಹೋಗಲಿಲ್ಲ. ಆರನೆಯ ವಾರ ಲವೋನ್ ಒಂದು ತಟ್ಟೆ ನಿಂಬೆಹಣ್ಣಿನ ಕೇಕು ಮಾಡಿ, ಬಟ್ಟೆ ಮುಚ್ಚಿ, ಅವನ ಕೈಗಿಟ್ಟು ಬಾಗಿಲು ತೆರೆದಳು. ಮಾಡಿದ ಕೇಕನ್ನು ವಾಪಸು ತರುವ ಪದ್ಧತಿ ಆ ಊರಿನಲ್ಲಿ ಇಲ್ಲ.

ಏಪ್ರಿಲ್ ತಿಂಗಳು, ರಸ್ತೆಯ ಅಂಚಿನ ಹಿಮ ಕಪ್ಪಾಗಿ ಕರಗುತ್ತಿತ್ತು. ಅರ್ವಿಡ್ ಕೆಸರಿನ ಬೂಟು ಹೊರಗೆ ಬಿಟ್ಟು, ಕಾಲುಚೀಲದಲ್ಲಿ ಒಳಗೆ ಹೋಗಿ ಕುರ್ಚಿಯ ಅಂಚಿನಲ್ಲಿ ಕುಳಿತ.

“ಹನ್ನೊಂದನೇ ಕೊಠಡಿ ಕಿಟಕಿ ಇನ್ನೂ ಅಂಟಿಕೊಳ್ಳುತ್ತಾ?” ಎಂದು ಮಿಸ್ ಲುಂಡೀನ್ ಕೇಳಿದರು. ಅವರಿಗೆ ಎಪ್ಪತ್ತಾಗುತ್ತ ಬಂದಿತ್ತು. ಬೆನ್ನು ಮಾತ್ರ ನೆಟ್ಟಗಿತ್ತು.

“ಅಂಟಿಕೊಳ್ಳುತ್ತೆ ಮೇಡಂ.”

ಕಾಫಿ ಬಂತು. ಒಂದು ತುಂಡು ಕೇಕು ಮುಗಿಯಿತು. ಅರ್ವಿಡ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತನ್ನು ಹೊರಗೆ ತೆಗೆದ.

“ಪರೀಕ್ಷೆಯವರು ನಿಮ್ಮ ಥರ ಅಲ್ಲ ಮೇಡಂ. ಅವರದ್ದು ಬೇರೆ ಪದ್ಧತಿ ಇರಬೇಕು. ನೀವೇನೂ ಬೇಜಾರು ಮಾಡ್ಕೋಬೇಡಿ.”

“ನಾನ್ಯಾಕೆ ಬೇಜಾರು ಮಾಡಿಕೊಳ್ಳಲಿ? ಯಾವ ಪ್ರಶ್ನೆ ಕೇಳಿದ್ರು?”

“ಪದ್ಯದಲ್ಲಿ ಉಪಮೆ ಯಾವುದು ಅಂತ. ನಾನು ‘ನದಿ ದಂಡೆ, ಮುಂಜಾನೆ’ ಅನ್ನೋದಕ್ಕೆ ಗುರುತು ಹಾಕಿದೆ.”

ಮಿಸ್ ಲುಂಡೀನ್ ಬಟ್ಟಲನ್ನು ತಟ್ಟೆಯ ಮೇಲಿಟ್ಟರು. “ಅರ್ವಿಡ್, ಉಪಮೆ ಅಂದರೇನು?”

“ಕಥೆ ನಡೆಯುವ ಸ್ಥಳ ಮತ್ತು ಕಾಲ.”

“ವ್ಯಂಗ್ಯ?”

“ಕಥೆ ಏರುತ್ತ ಏರುತ್ತ ಮುಟ್ಟುವ ತುತ್ತತುದಿ.”

“ಅನುಪ್ರಾಸ?”

“ಇಬ್ಬರ ನಡುವೆ ಏಳುವ ಜಗಳ.”

ಮಿಸ್ ಲುಂಡೀನ್ ನಗಲಿಲ್ಲ. ಎದ್ದು ಒಳಗೆ ಹೋಗಿ ಹಳದಿಗಟ್ಟಿದ ಪುಸ್ತಕ ತಂದು, ಒಂದು ಪುಟ ತೆರೆದು ಅವನ ಮುಂದಿಟ್ಟರು. ಅರ್ವಿಡ್ ಪಟ್ಟಿಯನ್ನು ನೋಡಿ ತಲೆದೂಗಿದ. ಹೌದು, ಇದೇ. ಅವರು ಪುಟ ತಿರುಗಿಸಿದರು. ಮುಂದಿನ ಪುಟದಲ್ಲಿ ಅದೇ ಪಟ್ಟಿ, ಆದರೆ ಎಡದಿಂದ ಬಲಕ್ಕೆ ಕೆಂಪು ಶಾಯಿಯ ಹನ್ನೆರಡು ಗೆರೆಗಳು, ಒಂದರ ಮೇಲೊಂದು ಹಾದು ಹೋಗಿದ್ದವು. ಒಂದು ಗೆರೆಯೂ ನೇರವಾಗಿ ಅಡ್ಡ ಹೋಗಿರಲಿಲ್ಲ.

ಅವನು ಒಂದು ಗೆರೆಯನ್ನು ಎಡತುದಿಯಿಂದ ಬಲತುದಿಯವರೆಗೆ ಬೆರಳಿನಿಂದ ಹಿಂಬಾಲಿಸಿದ.

“ಇದನ್ನ ಮಕ್ಕಳು ಮಂಗಳವಾರ ಮಾಡ್ತಿದ್ರಾ?”

“ಮಂಗಳವಾರ ಬೆಳಿಗ್ಗೆ.”

“ಆಮೇಲೆ?”

“ಆಮೇಲೆ ನಾನೇ ಒರೆಸ್ತಿದ್ದೆ. ನಿಮಗೆ ಕೆಲಸ ಹೆಚ್ಚಾಗಬಾರದು ಅಂತ.”

ಅರ್ವಿಡ್ ತಣ್ಣಗಾದ ಕಾಫಿ ಕುಡಿದ. ಮೊದಲು ಅವನಿಗೆ ಬಂದದ್ದು ಸಮಾಧಾನ: ಮಿಸ್ ಲುಂಡೀನ್ ತಪ್ಪಿರಲಿಲ್ಲ. ಎರಡನೆಯದಾಗಿ ಊರು ನೆನಪಾಯಿತು; ಅದನ್ನು ಅವನು ಆಮೇಲೆ ಯೋಚಿಸುವುದಕ್ಕೆ ಇಟ್ಟುಕೊಂಡ.

“ತಪ್ಪು ನನ್ನದು,” ಎಂದರು ಮಿಸ್ ಲುಂಡೀನ್. “ಮೇಲುಗಡೆ ‘ಹೊಂದಿಸಿ ಬರೆಯಿರಿ’ ಅಂತ ಒಂದು ಮಾತು ಬರೆದಿದ್ದರೆ ಆಗ್ತಿತ್ತು. ಮಕ್ಕಳಿಗೆ ಗೊತ್ತೇ ಇದೆಯಲ್ಲ ಅಂತ ಬಿಟ್ಟೆ. ನಿಮಗೆ ಪದಗಳೂ ಗೊತ್ತು, ಅರ್ಥಗಳೂ ಗೊತ್ತು, ಒಂದಕ್ಷರ ತಪ್ಪಿಲ್ಲ. ಜೋಡಿ ಮಾತ್ರ ಬೇರೆ. ಒಂದು ತಿಂಗಳಿದೆ. ಹಳೆಯದನ್ನ ಮರೆಯೋಕೆ ಆಗುತ್ತಾ?”

“ಶಾಲೆ ನೆಲ ಹೊಳೆಯೋಕೆ ಬಳಿಯೋ ಮೇಣ ಇದ್ದಂಗೆ ಮೇಡಂ. ತಲೆಯೊಳಗೆ ಹಳೇ ಮೇಣ ಗಟ್ಟಿಯಾಗಿ ಕೂತಿದೆ. ಅದನ್ನ ಪೂರ್ತಿ ಕೆರೀಬೇಕು. ಇಲ್ದಿದ್ರೆ ಹೊಸದು ಹಿಡಿಯಲ್ಲ.”

“ಈಗ ನೀವು ಹೇಳಿದಿರಲ್ಲ, ‘ಇದ್ದಂಗೆ’ ಅಂತ, ಅದು ಉಪಮೆ. ‘ತಲೆಯೊಳಗೆ ಹಳೇ ಮೇಣ’ ಅಂದಿರಲ್ಲ, ಅದು ರೂಪಕ.”

ಅರ್ವಿಡ್ ಹಿಂದೆ ತಿರುಗಿ ನೋಡಿದ. “ಯಾರು? ನಾನಾ?”

ಹೀಗೆ ಪಾಠ ಶುರುವಾಯಿತು. ವಾರಕ್ಕೆ ಮೂರು ದಿನ, ಶಾಲೆ ಗುಡಿಸಿದ ಮೇಲೆ. ಮಿಸ್ ಲುಂಡೀನ್ ಪುಸ್ತಕದ ಉದಾಹರಣೆಗಳನ್ನು ಬದಿಗಿಟ್ಟು ಊರಿನ ಉದಾಹರಣೆಗಳನ್ನು ಹಿಡಿದರು. ಲೈಲ್‌ನ ಲಾರಿ ಮುದಿ ಹಸುವಿನ ಹಾಗೆ ಕೆಮ್ಮುತ್ತದೆ ಎಂದರೆ ಉಪಮೆ. ಲೈಲ್‌ನ ಲಾರಿ ಒಂದು ಮುದಿ ಹಸು ಎಂದರೆ ರೂಪಕ. ಹಾರ್ಲನ್‌ನ ಅಂಗಡಿಯ ಮುಂದೆ ‘ಕೂದಲು, ಕತ್ತರಿ, ಕಾಫಿ’ ಎಂದು ಬರೆದಿದೆಯಲ್ಲ, ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆಯಲ್ಲ, ಅದು ಅನುಪ್ರಾಸ.

“ಜಗಳ ಇಲ್ವಾ ಅದರಲ್ಲಿ?” ಎಂದು ಅರ್ವಿಡ್ ಖಚಿತಪಡಿಸಿಕೊಂಡ.

“ಇಲ್ಲ. ಈಗ ವ್ಯಂಗ್ಯ. ಆಗಬೇಕಾದ್ದಕ್ಕೆ ಸರಿಯಾಗಿ ಉಲ್ಟಾ ಆಗೋದು. ಬೆಂಕಿ ಆರಿಸುವ ಠಾಣೆಗೇ ಬೆಂಕಿ ಬಿದ್ದರೆ, ಅದು ವ್ಯಂಗ್ಯ.”

“ಎಪ್ಪತ್ತೊಂದರಲ್ಲಿ ಬಿತ್ತಲ್ಲ ಮೇಡಂ.”

“ಅದನ್ನೇ ಹೇಳ್ತಿರೋದು.”

“ಅವತ್ತು ನಾವ್ಯಾರೂ ಹಂಗನ್ನಲಿಲ್ಲ.”

“ಏನಂದಿರಿ?”

“ನೀರು ತನ್ನಿ ಅಂದ್ವಿ.”

ಹನ್ನೊಂದನೆಯ ಕೊಠಡಿಯಲ್ಲಿ ಎಂದೂ ನಗದಿದ್ದ ಮಿಸ್ ಲುಂಡೀನ್ ಆ ಸಂಜೆ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

ಕಷ್ಟ ಬಂದದ್ದು ಹೋಟೆಲಿನಲ್ಲಿ. ಅರ್ವಿಡ್ ಮರ್ಯಾದಸ್ಥ, ತಪ್ಪು ಕಲಿಸಿದವನು ತಾನೇ ತಿದ್ದಬೇಕೆಂದು ಲೈಲ್ ಮತ್ತು ಹಾರ್ಲನ್‌ಗೆ ವಿಷಯವನ್ನೆಲ್ಲ ಬಿಡಿಸಿ ಹೇಳಿದ. ಕಾಗದದ ಮೇಲೆ ಗೆರೆಗಳನ್ನೂ ಎಳೆದು ತೋರಿಸಿದ. ಇಬ್ಬರೂ ತಾಳ್ಮೆಯಿಂದ ಕೇಳಿದರು.

“ಅಂದ್ರೆ ಉಪಮೆ ಅಂದ್ರೆ ಜಾಗ ಅಲ್ಲ,” ಎಂದ ಲೈಲ್.

“ಅಲ್ಲ.”

“ಮತ್ತೆ ಸೇತುವೆ ಕೆಳಗಿರೋದು ಏನು?”

“ಜಾಗ.”

“ಜಾಗ ಅಂತ ಎಲ್ಲರೂ ಅಂತಾರೆ ಕಣೋ. ಅದರಲ್ಲೇನು ಬಂತು?”

ಹಾರ್ಲನ್ ಇನ್ನೂ ಖಡಾಖಂಡಿತವಾಗಿದ್ದ. “ನೋಡು ಗುರು, ಪರೀಕ್ಷೆ ಬರೆಯೋನು ನೀನು. ನೀನು ಬದಲಾಯಿಸ್ಕೋ. ಇಪ್ಪತ್ತು ವರ್ಷ ರೂಪಕ ಯಾರು ಅಂತ ಕೇಳಿಕೊಂಡೇ ನಾನು ಕ್ಷೌರ ಮಾಡಿದ್ದೀನಿ. ಈಗ ಬದಲಾಯಿಸಿದ್ರೆ ಕೈ ನಡುಗುತ್ತೆ.”

ಡಾಟ್ ಕೂಡ ಕಾಫಿ ಸುರಿಯುತ್ತ ಅವರ ಪಕ್ಷವನ್ನೇ ಹಿಡಿದಳು.

ಅಲ್ಲಿ ಕುಳಿತ ಕಾಲು ಗಂಟೆಯಲ್ಲಿ ಹಿಂದಿನ ಸಂಜೆಯ ಪಾಠವೆಲ್ಲ ಕರಗಿಹೋಗುವುದನ್ನು ಅರ್ವಿಡ್ ಗಮನಿಸಿದ. ಮೂರನೆಯ ದಿನ ಅವನು ಹೋಟೆಲಿಗೆ ಹೋಗುವುದನ್ನೇ ನಿಲ್ಲಿಸಿದ. ಪರೀಕ್ಷೆಯವರೆಗೆ, ಹತ್ತು ಗಂಟೆಯ ಬಿಡುವಿನಲ್ಲಿ, ನೆಲಮಾಳಿಗೆಯ ಬಾಯ್ಲರಿನ ಪಕ್ಕದಲ್ಲಿ ಒಬ್ಬನೇ ಕುಳಿತು ಫ್ಲಾಸ್ಕಿನ ಕಾಫಿ ಕುಡಿದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಡಾಟ್‌ನ ಹೋಟೆಲಿನ ಮೂಲೆ ಮೇಜಿನಲ್ಲಿ ಒಂದು ಕುರ್ಚಿ ಖಾಲಿ ಇತ್ತು. ಅರ್ವಿಡ್‌ಗೆ ಹುಷಾರಿಲ್ಲವೆಂದು ಊರಿನಲ್ಲಿ ಸುದ್ದಿಯಾಯಿತು. ರೂಪಕ, ಎಂದಿನಂತೆ, ಎಡ್ನಾ.

ಮೇ ತಿಂಗಳ ಮೂರನೆಯ ಶನಿವಾರ ಅವನು ಮತ್ತೆ ಪರೀಕ್ಷೆಗೆ ಕುಳಿತ. ಮೂರನೆಯ ಪ್ರಶ್ನೆಯೇ ಉಪಮೆಯದು. ಅವನ ಪೆನ್ಸಿಲು ತಾನಾಗಿ ‘ಹಳೆಯ ಬಂದರು, ಚಳಿಗಾಲ’ ಎಂಬ ಉತ್ತರದ ಕಡೆ ಹೊರಟಿತು. ಅವನು ಪೆನ್ಸಿಲು ಕೆಳಗಿಟ್ಟು, ಕಣ್ಣು ಮುಚ್ಚಿ, ಬೆರಳಿನಿಂದ ಮೇಜಿನ ಮೇಲೆ ಎಡದ ಮೇಲಿನಿಂದ ಬಲದ ಕೆಳಕ್ಕೆ ಓರೆಯಾಗಿ ಒಂದು ಗೆರೆ ಎಳೆದ. ಆಮೇಲೆ ಉತ್ತರ ಬರೆದ. ಪ್ರತಿ ಪ್ರಶ್ನೆಗೂ ಹೀಗೆಯೇ ಮಾಡಿದ. ಮೇಲ್ವಿಚಾರಕಿ ಎರಡು ಸಲ ಬಂದು ಮೇಜಿನ ಮೇಲೆ ಏನಾದರೂ ಬರೆದಿದೆಯೇ ಎಂದು ಬಗ್ಗಿ ನೋಡಿ ಹೋದಳು.

ಜೂನ್ ಎಂಟರಂದು ಲಕೋಟೆ ಬಂತು. ಅರ್ವಿಡ್‌ಗೆ ತೆರೆಯಲು ಮನಸ್ಸಾಗಲಿಲ್ಲ. ಲವೋನ್ ತರಕಾರಿ ಚಾಕುವಿನಿಂದ ಸೀಳಿ ಓದಿದಳು. ನಲವತ್ತೆರಡು. ಅವಳು ಕಾಗದವನ್ನು ಅವನ ಕೈಗೆ ಕೊಟ್ಟು, ಅಡುಗೆಮನೆಗೆ ಹೋಗಿ, ನಲ್ಲಿ ತಿರುಗಿಸಿ ಸ್ವಲ್ಪ ಹೊತ್ತು ನೀರು ಬಿಟ್ಟಳು. ಮರುದಿನ ಅವನು ಅದನ್ನು ಹೊಸ ಶಾಲೆಯ ಕಚೇರಿಗೆ ಕೊಂಡೊಯ್ದ. ಗುಮಾಸ್ತೆ ಒಂದು ಪ್ರತಿ ತೆಗೆದು, ಮೂಲವನ್ನು ಹಿಂತಿರುಗಿಸಿ, ಆಗಸ್ಟ್ ಒಂದರಿಂದ ಕೆಲಸಕ್ಕೆ ಬರಬೇಕೆಂದು ಹೇಳಿ, ಬೀಗದ ಕೈಗಳಿಗೆ ಸಹಿ ಹಾಕಿಸಿಕೊಂಡಳು.

ಅಲ್ಲಿಂದ ಅವನು ನೇರವಾಗಿ ಮಿಸ್ ಲುಂಡೀನ್ ಅವರ ಮನೆಗೆ ಹೋದ. ಅವರು ಕಾಗದವನ್ನು ಎರಡು ಸಲ ಓದಿ, ಕೈ ಚಾಚಿ, ಅವನ ಕೈ ಕುಲುಕಿದರು. ಆದರೆ ಅರ್ವಿಡ್‌ನ ಮುಖದಲ್ಲಿ ತೇರ್ಗಡೆಯಾದವನ ಕಳೆ ಇರಲಿಲ್ಲ.

“ಏನಾಯ್ತು? ಖುಷಿಯಾಗಲಿಲ್ವಾ?”

“ಅದಲ್ಲ ಮೇಡಂ. ಪರೀಕ್ಷೆಯಲ್ಲಿ ಒಂದು ಕಥೆ ಇತ್ತು. ಒಬ್ಬ ಹೆಂಗಸು ದೋಣಿಕಟ್ಟೆಗೆ ಬರ್ತಾಳೆ. ಹಗ್ಗ ಸುತ್ತಿದ ಪೆಟ್ಟಿಗೆ ಇರುತ್ತೆ. ದೋಣಿಯವನು ‘ಇದನ್ನ ಬಿಚ್ಚಿ ತೋರಿಸದೆ ಹತ್ತಿಸಲ್ಲ’ ಅಂತಾನೆ. ಅವಳು ಮಂಡಿಯೂರಿ ಕೂತು ಹಗ್ಗ ಬಿಚ್ಚೋಕೆ ಶುರು ಮಾಡ್ತಾಳೆ. ಪುಟ ತಿರುಗಿಸಿದ್ರೆ ಪ್ರಶ್ನೆಗಳು. ಹನ್ನೊಂದು ಪ್ರಶ್ನೆ. ಸ್ಥಳ, ಕಾಲ, ಜಗಳ, ಎಲ್ಲ ಕೇಳಿದ್ರು. ಎಲ್ಲ ಬರೆದೆ. ಪೆಟ್ಟಿಗೆಯಲ್ಲಿ ಏನಿತ್ತು ಅಂತ ಮಾತ್ರ ಎಲ್ಲೂ ಇಲ್ಲ.”

“ಪರೀಕ್ಷೆಯಲ್ಲಿ ಪೂರ್ತಿ ಕಥೆ ಕೊಡಲ್ಲ ಅರ್ವಿಡ್. ಪ್ರಶ್ನೆಗಳಿಗೆ ಅಷ್ಟು ಸಾಕು.”

“ಪ್ರಶ್ನೆಗಳಿಗೆ ಸಾಕು. ಆ ಹೆಂಗಸಿಗೆ ಸಾಕಾಗಲ್ಲ. ಮೂರು ವಾರದಿಂದ ಅವಳು ಅಲ್ಲೇ ಕೂತಿದ್ದಾಳೆ.”

ಮಿಸ್ ಲುಂಡೀನ್ ಕಾಗದವನ್ನು ಮಡಿಸಿ ಮೇಜಿನ ಮೇಲಿಟ್ಟರು. ಆ ಕಥೆಯನ್ನು ಅವರೂ ಓದಿರಲಿಲ್ಲ.

“ಪೆಟ್ಟಿಗೆ ಭಾರ ಇತ್ತಾ?”

“ಇಲ್ಲ ಮೇಡಂ. ಅವಳು ಒಂದೇ ಕೈಯಲ್ಲಿ ಹೊತ್ತುಕೊಂಡು ಬಂದಳು. ಆದರೆ ಕೆಳಗಿಡುವಾಗ ಎರಡೂ ಕೈ ಹಾಕಿದಳು.”

“ಹಾಗಾದರೆ ಒಡೆಯೋ ವಸ್ತು,” ಎಂದರು ಮಿಸ್ ಲುಂಡೀನ್.

“ನಾನೂ ಹಂಗೇ ಅಂದುಕೊಂಡೆ. ಲವೋನ್ ಒಪ್ಪಲ್ಲ. ಖಾಲಿ ಇದೆ ಅಂತಾಳೆ.”

“ಖಾಲಿ ಪೆಟ್ಟಿಗೆಗೆ ಯಾರಾದರೂ ಹಗ್ಗ ಸುತ್ತುತ್ತಾರಾ?”

“ಅದನ್ನೇ ನಾನೂ ಕೇಳಿದೆ. ನೋಡೋಕೆ ತುಂಬಿದ ಹಾಗೆ ಕಾಣಲಿ ಅಂತ ಸುತ್ತಿರಬಹುದು ಅಂದಳು.”

ಮಿಸ್ ಲುಂಡೀನ್ ಇದನ್ನು ಯೋಚಿಸಿ, ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಂಡರು. “ಮೊದಲಿನಿಂದ ಹೇಳಿ. ಅವಳು ಬಂದಾಗ ದೋಣಿಕಟ್ಟೆಯಲ್ಲಿ ಬೇರೆ ಯಾರಿದ್ದರು?”